ನೋವಿನ ಗುಳಿಗೆಗೆ ನಿಲುಕದ ಉರಿಯೂತ: ಮೂತ್ರಪಿಂಡ ಕಾಯಿಲೆ ಮತ್ತು ಚಡಚಣ ಸೀಮೆಯ ದುಡಿಮೆ

ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಗೆ ಸಕ್ಕರೆ ಕಾಯಿಲೆ, ಬಿಪಿ, ಕಲ್ಲು, ಸೋಂಕು ಹೀಗೆ ಕಾರಣಗಳು ಹಲವು. ಕಾರಣ ಯಾವುದೇ ಇರಲಿ, ಕಾಯಿಲೆ ಒಮ್ಮೆ ಬೇರೂರಿದ ಮೇಲೆ ಅದು ಮುಂದುವರಿಯುವ ಹಾದಿ ಬಹುಮಟ್ಟಿಗೆ ಒಂದೇ. ಆ ಹಾದಿಯ ಹೆಸರು ಉರಿಯೂತ. ಈ ಟಿಪ್ಪಣಿ ಆ ಹಾದಿಯನ್ನು ಭೀಮಾ ದಂಡೆಯ ಬಯಲಿನಲ್ಲಿ ನಿಂತು ನೋಡುತ್ತದೆ. ವಿಜಯಪುರ ಜಿಲ್ಲೆಯಲ್ಲಿ 2018ರಲ್ಲಿ ಇಂಡಿಯಿಂದ ಬೇರ್ಪಟ್ಟು ತಾಲ್ಲೂಕಾದ ಚಡಚಣ, ಅದರ ಆಚೀಚೆಯ ಇಂಡಿ, ಸಿಂದಗಿ, ತುಸು ದೂರದ ಮುದ್ದೇಬಿಹಾಳ, ಬಸವನ ಬಾಗೇವಾಡಿ ಇಲ್ಲಿ ಉದ್ದೇಶಿಸಿರುವ ಸೀಮೆ. ನನ್ನ ವಾದ ಇಷ್ಟು: ಮೂತ್ರಪಿಂಡವನ್ನು ವರ್ಷಗಟ್ಟಲೆ ಸವೆಸುವ ಉರಿಯೂತ ಬೇರೆ, ಸೊಂಟನೋವಿಗೆ ನುಂಗುವ ಗುಳಿಗೆ ಅಡಗಿಸುವ ಉರಿಯೂತ ಬೇರೆ. ಮೊದಲನೆಯದರ ಮೂಲಗಳಲ್ಲಿ ಹಲವು ಮೂತ್ರಪಿಂಡದ ಹೊರಗಿವೆ, ಹುಡುಕಿದರೆ ಸಿಗುತ್ತವೆ. ಎರಡನೆಯದಕ್ಕೆಂದು ದಿನವೂ ಗುಳಿಗೆ ನುಂಗಿದರೆ ಮೊದಲನೆಯದು ತಗ್ಗುವುದಿಲ್ಲ, ಕಿಡ್ನಿಗೆ ಇನ್ನೊಂದು ಪೆಟ್ಟು ಬೀಳುತ್ತದೆ.

ವ್ಯಾಖ್ಯೆಯನ್ನು ಮೊದಲೇ ಹೇಳಿಬಿಡುತ್ತೇನೆ. ದೇಹದ ಮೇಲ್ಮೈ ಅಳತೆಗೆ ಹೊಂದಿಸಿದ ಸೋಸುವ ಶಕ್ತಿ ನಿಮಿಷಕ್ಕೆ 60 ಮಿಲಿ ಲೀಟರಿಗಿಂತ ಕೆಳಗಿಳಿದು ಮೂರು ತಿಂಗಳು ದಾಟಿದರೆ ಅದು ದೀರ್ಘಕಾಲದ ಕಾಯಿಲೆ. ಸೋಸುವ ಶಕ್ತಿ ಚೆನ್ನಾಗಿಯೇ ಇದ್ದು, ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಲ್ಬುಮಿನ್ ಎಂಬ ಪ್ರೋಟೀನು ಅಷ್ಟೇ ಕಾಲ ಸೋರುತ್ತಿದ್ದರೂ ಅದು ಕಾಯಿಲೆಯೇ. ಈ ಎರಡನೆಯ ಮಾತು ನಮ್ಮ ಕಡೆ ಮರೆತುಹೋಗುತ್ತದೆ. ‘ಕ್ರಿಯಾಟಿನಿನ್ ನಾರ್ಮಲ್ ಐತಿ’ ಎಂದು ಮನೆಗೆ ಮರಳಿದವರಲ್ಲಿ ಆಲ್ಬುಮಿನ್ ಸೋರುವವರೂ ಇರುತ್ತಾರೆ. ಮುಂದಿನ ಕಥೆಯೆಲ್ಲ ಶುರುವಾಗುವುದು ಆ ಸೋರಿಕೆಯಿಂದ.

ಸೋರಿಕೆಯಿಂದ ಗಾಯದ ಕಲೆಯವರೆಗೆ

ಮೂತ್ರಪಿಂಡದ ಜರಡಿ ಎಂದು ಎಲ್ಲರೂ ಹೇಳುವುದು ಗ್ಲಾಮೆರುಲಸ್ ಎಂಬ ರಕ್ತನಾಳದ ಉಂಡೆಯನ್ನು. ಹಾನಿಯನ್ನು ಅಳೆಯಲು ಹಿಂದೆ ಅದನ್ನೇ ನೋಡುತ್ತಿದ್ದರು. 1968ರಲ್ಲಿ ರಿಸ್ಡನ್, ಸ್ಲೋಪರ್, ಡಿ ವಾರ್ಡನರ್ ಲಂಡನ್ನಿನಲ್ಲಿ ಬಯಾಪ್ಸಿ ತುಣುಕುಗಳನ್ನು ರೋಗಿಗಳ ಸೋಸುವ ಶಕ್ತಿಯೊಂದಿಗೆ ಹೋಲಿಸಿದರು. ಜರಡಿಯ ಹಾನಿಗಿಂತ ಅದರ ಕೆಳಗಿನ ನಾಳಿಕೆಗಳ ಹಾನಿಯೇ ರೋಗಿಯ ಸ್ಥಿತಿಯನ್ನು ಹೆಚ್ಚು ನಿಖರವಾಗಿ ಹೇಳುತ್ತದೆ ಎಂದು ಅವರು ಕಂಡುಕೊಂಡರು. ಕಾಯಿಲೆ ಎಲ್ಲಿಯೇ ಹುಟ್ಟಿರಲಿ, ಕಿಡ್ನಿ ಸಾಯುವುದು ನಾಳಿಕೆಗಳ ನಡುವಿನ ಜಾಗದಲ್ಲಿ. ಅರ್ಧ ಶತಮಾನದ ನಂತರವೂ ಈ ತಿಳಿವು ಗಟ್ಟಿಯಾಗಿ ನಿಂತಿದೆ.

ಆ ಜಾಗದಲ್ಲಿ ನಡೆಯುವುದು ಹೀಗೆ. ಜರಡಿಯಿಂದ ಸೋರಿದ ಆಲ್ಬುಮಿನ್ನನ್ನು ನಾಳಿಕೆಯ ಮೊದಲ ಭಾಗದ ಕೋಶಗಳು ಒಳಗೆ ಎಳೆದುಕೊಂಡು ಅರಗಿಸುತ್ತವೆ. ಸ್ವಲ್ಪ ಸೋರಿದರೆ ಇದು ದಿನನಿತ್ಯದ ಕೆಲಸ. ಅಳತೆ ಮೀರಿದಾಗ ಆ ಕೋಶಗಳು ಬಳಲಿ, ಒಳಗಿನ ಎನ್ಎಫ್-ಕಪ್ಪಾ-ಬಿ ಎಂಬ ಸ್ವಿಚ್ ಹೊತ್ತಿಕೊಳ್ಳುತ್ತದೆ. ಆಮೇಲೆ ಅವು ಬಿಡುಗಡೆ ಮಾಡುವ ರಾಸಾಯನಿಕ ಸಂಕೇತಗಳು ರಕ್ತದಿಂದ ಮಾನೋಸೈಟ್ ಕೋಶಗಳನ್ನು ಕರೆಯುತ್ತವೆ. ಬಂದವು ಮ್ಯಾಕ್ರೋಫೇಜ್ ಆಗಿ ಅಲ್ಲೇ ತಳವೂರುತ್ತವೆ. ಟಿಜಿಎಫ್-ಬೀಟಾ ಎಂಬ ಸಂಕೇತದಿಂದ ನಾರು ನೇಯುವ ಕೋಶಗಳನ್ನು ಎಬ್ಬಿಸುತ್ತವೆ. ಹೊಲದಲ್ಲಿ ಕುಡುಗೋಲು ತಾಗಿದ ಬೆರಳಿನ ಗಾಯ ಕಲೆಯಾಗಿ ವಾಸಿಯಾಗುವುದೂ ಇದೇ ಕ್ರಮದಲ್ಲಿ. ವ್ಯತ್ಯಾಸವೆಂದರೆ ಬೆರಳಿಗೆ ಪೆಟ್ಟು ಒಮ್ಮೆ ಬಿದ್ದು ಮುಗಿಯುತ್ತದೆ, ನಾಳಿಕೆಗೆ ದಿನವೂ ಬೀಳುತ್ತದೆ. ಕಲೆ ಹರಡಿ ಅಕ್ಕಪಕ್ಕದ ಸೂಕ್ಷ್ಮ ರಕ್ತನಾಳಗಳನ್ನು ಒತ್ತುತ್ತದೆ, ರಕ್ತ ಕಡಿಮೆಯಾದ ಕಡೆ ಇನ್ನಷ್ಟು ಕೋಶಗಳು ಸಾಯುತ್ತವೆ, ಸತ್ತ ಕೋಶಗಳ ಚೂರುಗಳೇ ಮತ್ತೆ ಉರಿಯೂತ ಎಬ್ಬಿಸುತ್ತವೆ. ಮೂಲ ಕಾರಣ ಹೋದ ಮೇಲೂ ಕಾಯಿಲೆ ತನ್ನಷ್ಟಕ್ಕೆ ನಡೆಯುವುದು ಈ ಸುತ್ತಿನಿಂದಾಗಿಯೇ.

ಬಿಪಿ ಏರಿಸುವ ಆಂಜಿಯೋಟೆನ್ಸಿನ್-2 ಕೂಡ ಅದೇ ಸ್ವಿಚ್ಚನ್ನು ಒತ್ತುತ್ತದೆ. ಹಾಗಾಗಿ ಅದನ್ನು ತಡೆಯುವ ಲೊಸಾರ್ಟನ್, ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಗುಳಿಗೆಗಳು ಬಿಪಿ ಇಳಿಸುವುದರ ಜೊತೆಗೆ ಸೋರಿಕೆಯನ್ನೂ ಅದರ ಬೆನ್ನಿಗೆ ಬರುವ ಉರಿಯೂತವನ್ನೂ ತಗ್ಗಿಸುತ್ತವೆ. ‘ಬಿಪಿ ಇಳದೈತಿ, ಗುಳಿಗಿ ಬಿಟ್ಟೆ’ ಎನ್ನುವವರಿಗೆ ವೈದ್ಯರು ಈ ಎರಡನೆಯ ಕೆಲಸವನ್ನು ಬಿಡಿಸಿ ಹೇಳಬೇಕು.

ಉರಿಯೂತ ಎಲ್ಲಿಂದ ಬರುತ್ತದೆ

ಇಲ್ಲಿಯವರೆಗಿನದು ಕಿಡ್ನಿಯೊಳಗೆ ಹುಟ್ಟಿದ ಉರಿಯೂತ. ಕಳೆದ ಎರಡು ದಶಕಗಳ ಅಧ್ಯಯನಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಹೊರಗಿನಿಂದ ಬರುವ ಉರಿಯೂತದ ಬಗೆಗಿನ ಕೆಲಸ. ಅಮೆರಿಕದ ಜಾಸ್ಲಿನ್ ಕೇಂದ್ರದ ನಿಯೆವ್ಚಾಸ್, ಕ್ರೋಲೆವ್ಸ್ಕಿ ಮತ್ತು ಸಂಗಡಿಗರು 2019ರಲ್ಲಿ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 17 ಪ್ರೋಟೀನುಗಳ ಗುಂಪೊಂದನ್ನು ಗುರುತಿಸಿದರು. ಮುಂದೆ ಯಾರ ಕಿಡ್ನಿ ಪೂರ್ತಿ ನಿಲ್ಲುತ್ತದೆ ಎಂಬುದನ್ನು ಆ ಗುಂಪು ವರ್ಷಗಳ ಮೊದಲೇ ಸೂಚಿಸುತ್ತಿತ್ತು. ಅಲ್ಲಿನ ಪೀಮಾ ಎಂಬ ಮೂಲನಿವಾಸಿ ಜನರಲ್ಲಿ ಪರೀಕ್ಷಿಸಿದಾಗಲೂ ಸೂಚನೆ ನಿಜವಾಯಿತು. ಆ ಪ್ರೋಟೀನುಗಳ ಮೂಲ ಕಿಡ್ನಿಯಲ್ಲ, ದೇಹದ ಬೇರೆ ಕಡೆ ಎಂಬುದು ಅವರ ತೀರ್ಮಾನ. ಕಿಡ್ನಿ ಕಾಯಿಲೆಯವರ ಮೇಲೆ ಅಮೆರಿಕದಲ್ಲೇ ನಡೆದ ಕ್ರಿಕ್ ಅಧ್ಯಯನ 2016ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದಕ್ಕೆ ಕೂಡಿಕೊಳ್ಳುತ್ತದೆ: ರಕ್ತದಲ್ಲಿ ಉರಿಯೂತದ ಸೂಚಕಗಳಾದ ಫೈಬ್ರಿನೋಜೆನ್ ಮತ್ತು ಟಿಎನ್ಎಫ್-ಆಲ್ಫಾ ಹೆಚ್ಚಿದ್ದವರಲ್ಲಿ, ಆಲ್ಬುಮಿನ್ ಕಡಿಮೆಯಿದ್ದವರಲ್ಲಿ ಕಿಡ್ನಿ ಬೇಗ ಕುಸಿಯಿತು.

ಹಾಗಿದ್ದರೆ ಉರಿಯೂತವನ್ನೇ ನೇರವಾಗಿ ಅಡಗಿಸುವ ಔಷಧಿ ಕೊಟ್ಟರೆ ಸಾಲದೇ? 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಹೃದಯಾಘಾತ ಕಂಡ 10,061 ಜನರ ಪೈಕಿ ಒಂದು ಭಾಗಕ್ಕೆ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತವನ್ನು ತಡೆಯುವ ಕ್ಯಾನಕಿನುಮಾಬ್ ಚುಚ್ಚುಮದ್ದು ಕೊಟ್ಟರು. ಒಟ್ಟು ಜನರಲ್ಲಿ ಸೋಸುವ ಶಕ್ತಿ ಕುಂದಿದ್ದ 1,875 ಜನರನ್ನು ಬೇರೆಯಾಗಿ ನೋಡಿದಾಗ, ಔಷಧಿ ಪಡೆದವರಲ್ಲಿ ಹೃದಯದ ಅವಘಡಗಳು ಶೇ 18ರಷ್ಟು ಇಳಿದಿದ್ದವು. ಕಿಡ್ನಿಯ ಶಕ್ತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಾವು ತರುವ ಸೋಂಕುಗಳು ಔಷಧಿ ಪಡೆದವರಲ್ಲಿ ತುಸು ಹೆಚ್ಚಿದ್ದವು. 2021ರ ರೆಸ್ಕ್ಯೂ ಪ್ರಯೋಗದಲ್ಲಿ ಇಂಟರ್‌ಲ್ಯೂಕಿನ್-6 ತಡೆಯುವ ಜಿಲ್ಟಿವೆಕಿಮಾಬ್, ಕಿಡ್ನಿ ಕಾಯಿಲೆಯ 264 ಜನರಲ್ಲಿ ಸಿಆರ್‌ಪಿ ಎಂಬ ಉರಿಯೂತದ ಸೂಚಕದ ಮಟ್ಟವನ್ನು ಪ್ರಮಾಣಕ್ಕೆ ತಕ್ಕಂತೆ ಶೇ 77ರಿಂದ 92ರವರೆಗೆ ಇಳಿಸಿತು. ಆದರೆ ರಕ್ತಪರೀಕ್ಷೆಯ ಅಂಕಿ ಇಳಿಯುವುದು ಒಂದು, ಕಿಡ್ನಿ ಉಳಿಯುವುದು ಇನ್ನೊಂದು. ಬಾರ್ಡೊಕ್ಸೋಲೋನ್ ಎಂಬ ಮತ್ತೊಂದು ಔಷಧಿಯ ಬೀಕನ್ ಪ್ರಯೋಗವನ್ನು ಹೃದಯ ವೈಫಲ್ಯ ಹೆಚ್ಚಾದ ಕಾರಣ 2012ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು.

ಕಿಡ್ನಿಯನ್ನು ಉಳಿಸಿ ತೋರಿಸಿದ ಔಷಧಿಗಳು ಬೇರೆ ದಾರಿಯಿಂದ ಬಂದವು. 2020ರ ಡಾಪಾ-ಸಿಕೆಡಿ ಪ್ರಯೋಗದ 4,304 ಜನರಲ್ಲಿ ಡಾಪಾಗ್ಲಿಫ್ಲೋಜಿನ್ ಕಿಡ್ನಿ ಕುಸಿತ ಮತ್ತು ಕಿಡ್ನಿ ಇಲ್ಲವೇ ಹೃದಯದ ಕಾರಣದ ಸಾವಿನ ಒಟ್ಟು ಅಪಾಯವನ್ನು ಶೇ 39ರಷ್ಟು ಇಳಿಸಿತು. ಅದೇ ವರ್ಷ ಫಿನೆರೆನೋನ್ ಸಕ್ಕರೆ ಕಾಯಿಲೆಯವರಲ್ಲಿ ಕಿಡ್ನಿ ಕುಸಿತದ ಅಪಾಯವನ್ನು ಶೇ 18ರಷ್ಟು ಇಳಿಸಿತು. ಇವು ಮೊದಲ ಪೆಟ್ಟನ್ನೇ ಹಗುರ ಮಾಡುತ್ತವೆ. ಉರಿಯೂತ ಅದರ ಹಿಂದೆ ತಾನಾಗಿ ತಗ್ಗುತ್ತದೆ. ಡಾಪಾಗ್ಲಿಫ್ಲೋಜಿನ್‌ನ ಮೂಲ ಪೇಟೆಂಟ್ ಭಾರತದಲ್ಲಿ 2020ರ ಅಕ್ಟೋಬರ್‌ನಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ. ಹಳ್ಳಿಯ ರೋಗಿಗೂ ನಿಲುಕುವ ಮಾತಾದ್ದರಿಂದ ಇದನ್ನು ಇಲ್ಲಿ ಎತ್ತಿ ಹೇಳುತ್ತಿದ್ದೇನೆ. ಮೂಲವನ್ನು ಬಿಟ್ಟು ಉರಿಯೂತದ ಅಂಕಿಯನ್ನಷ್ಟೇ ಬೆನ್ನಟ್ಟುವುದು ಈ ಕಾಯಿಲೆಯಲ್ಲಿ ಫಲ ಕೊಟ್ಟಿಲ್ಲ ಎಂಬುದು ಈ ಪ್ರಯೋಗಗಳಿಂದ ನಾನು ತೆಗೆದುಕೊಳ್ಳುವ ಪಾಠ.

ಗುಳಿಗೆ, ಸೂಜಿ, ಬಿಸಿಲು

ಚಡಚಣ ಸೀಮೆಯ ದುಡಿಮೆ ಬೆನ್ನು ಮುರಿಯುವಂಥದ್ದು. ಕಬ್ಬು ಕಡಿಯುವುದು, ದ್ರಾಕ್ಷಿ ತೋಟದ ಕೆಲಸ, ಮಣೂಕ ಒಣಗಿಸುವ ಶೆಡ್ಡು, ನಿಂಬೆ ತೋಟ, ಜೋಳದ ಕೊಯ್ಲು. ಕೆಲಸವಿಲ್ಲದ ತಿಂಗಳುಗಳಲ್ಲಿ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಗುಳೆ. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಸಂಜೆ ಮೈಕೈ ನೋವಿಗೆ ಗುಳಿಗೆ, ನೋವು ಜೋರಾದರೆ ಸೂಜಿ, ಸುಸ್ತಾದರೆ ಸಲೈನ್. ಗುಳಿಗೆಯಲ್ಲಿರುವುದು ಬಹುತೇಕ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಇವುಗಳಲ್ಲಿ ಒಂದು. ವೈದ್ಯಶಾಸ್ತ್ರ ಇವನ್ನು ಉರಿಯೂತ ತಗ್ಗಿಸುವ ಔಷಧಿಗಳೆಂದೇ ವಿಂಗಡಿಸುತ್ತದೆ. ‘ಕಿಡ್ನಿಗೆ ಬಾವು ಬಂದೈತಿ’ ಎಂದು ಕೇಳಿಸಿಕೊಂಡವರು ಬಾವು ಇಳಿಸುವ ಗುಳಿಗೆಯೇ ಇದಕ್ಕೂ ಮದ್ದು ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಆದರೂ ಇದು ಅಪಾಯದ ತಿಳಿವಳಿಕೆ.

ಈ ಗುಳಿಗೆಗಳು ತಡೆಯುವುದು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವಿನ ತಯಾರಿಕೆಯನ್ನು. ಕೀಲಿನಲ್ಲಿ ಅದು ನೋವು, ಊತ ತರುತ್ತದೆ, ತಡೆದರೆ ಆರಾಮ. ಕಿಡ್ನಿಯಲ್ಲಿ ಅದರ ಕೆಲಸವೇ ಬೇರೆ. ಮೈಯಲ್ಲಿ ನೀರು ಕಡಿಮೆಯಾದಾಗ ದೇಹ ಎಲ್ಲ ಕಡೆ ರಕ್ತನಾಳಗಳನ್ನು ಬಿಗಿಯುತ್ತದೆ. ಆಗ ಜರಡಿಗೆ ರಕ್ತ ತರುವ ಪುಟ್ಟ ನಾಳವನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್. ಮನೆಯಲ್ಲಿ ನೆರಳಲ್ಲಿ ಕುಳಿತು, ಸಾಕಷ್ಟು ನೀರು ಕುಡಿದು, ಒಳ್ಳೆಯ ಕಿಡ್ನಿಯಿರುವವರು ಒಂದೆರಡು ಗುಳಿಗೆ ನುಂಗಿದರೆ ಕಿಡ್ನಿಗೆ ಅದರ ಕೊರತೆ ತಟ್ಟುವುದು ಅಪರೂಪ. ಏಪ್ರಿಲ್ ಬಿಸಿಲಲ್ಲಿ ಬೆವರು ಸುರಿಸಿ ದುಡಿದವರ ಕಿಡ್ನಿ ಆ ಹೊತ್ತಿಗೆ ಅದನ್ನು ಬಹಳ ನೆಚ್ಚಿಕೊಂಡಿರುತ್ತದೆ. ಆಗ ಗುಳಿಗೆ ನುಂಗಿದರೆ ನಾಳ ಮುದುಡಿ ಸೋಸುವಿಕೆ ಕುಸಿಯುತ್ತದೆ. ಇದಲ್ಲದೆ, ಕೆಲವರಲ್ಲಿ ಇದೇ ಗುಳಿಗೆಗಳು ನಾಳಿಕೆಗಳ ನಡುವೆ ಅಲರ್ಜಿಯಂಥ ಉರಿಯೂತವನ್ನೂ ಎಬ್ಬಿಸುತ್ತವೆ. ಬಾವು ಇಳಿಸಬೇಕಾದ ಮದ್ದೇ ಕಿಡ್ನಿಯಲ್ಲಿ ಬಾವು ತರುತ್ತದೆ.

ಈಗಾಗಲೇ ಬಿಪಿ ಇರುವವರಲ್ಲಿ ಅಪಾಯ ಇನ್ನೊಂದು ಮಟ್ಟ ಏರುತ್ತದೆ. ಟೆಲ್ಮಿಸಾರ್ಟನ್ ಜಾತಿಯ ಗುಳಿಗೆ ಜರಡಿಯಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಮೂತ್ರ ಹೆಚ್ಚಿಸುವ ಗುಳಿಗೆ ಮೈಯ ನೀರು ಇಳಿಸುತ್ತದೆ, ನೋವಿನ ಗುಳಿಗೆ ಒಳಬರುವ ನಾಳವನ್ನು ಬಿಗಿಯುತ್ತದೆ. ಮೂರೂ ಕೂಡಿದಾಗ ಏನಾಗುತ್ತದೆ ಎಂಬುದನ್ನು ಲಾಪಿ ಮತ್ತು ಸಂಗಡಿಗರು 2013ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಅಳೆದು ತೋರಿಸಿದರು: ಕಿಡ್ನಿಗೆ ದಿಢೀರ್ ಪೆಟ್ಟು ಬೀಳುವ ಸಾಧ್ಯತೆ ಒಟ್ಟಾರೆ ಶೇ 31ರಷ್ಟು ಹೆಚ್ಚು, ಮೊದಲ 30 ದಿನಗಳಲ್ಲಿ ಶೇ 82ರಷ್ಟು ಹೆಚ್ಚು. ಅದು ಬ್ರಿಟನ್ನಿನ ರೋಗಿಗಳ ಲೆಕ್ಕ. ಅಲ್ಲಿನ ತಂಪು ಹವೆಯಲ್ಲಿ ಹೀಗಾದರೆ ನಮ್ಮ ಬಿಸಿಲಿನ ಬಯಲಲ್ಲಿ ಇನ್ನೂ ಎಚ್ಚರ ಬೇಕು. ಮೊದಲ ಎರಡು ಗುಳಿಗೆ ಬರೆದ ವೈದ್ಯರಿಗೆ ಮೂರನೆಯದು ಔಷಧಿ ಅಂಗಡಿಯಿಂದಲೋ ಕಿರಾಣಿ ಅಂಗಡಿಯಿಂದಲೋ ಬಂದದ್ದು ತಿಳಿಯುವುದೇ ಇಲ್ಲ. ‘ನೋವಿಗೆ ಏನ್ ತಗೊಳ್ತೀರಿ?’ ಎಂಬ ಪ್ರಶ್ನೆ ಬಿಪಿ ನೋಡುವ ಪ್ರತಿ ಭೇಟಿಯಲ್ಲೂ ಇರಬೇಕು.

ಡೈಕ್ಲೊಫೆನಾಕ್ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಈ ಉಪಖಂಡವೇ ಸಾಕ್ಷಿ. ಒಂದು ಕಾಲಕ್ಕೆ ಸತ್ತ ದನದ ಮೇಲೆ ಇಳಿಯುತ್ತಿದ್ದ ರಣಹದ್ದುಗಳು ತೊಂಬತ್ತರ ದಶಕದಲ್ಲಿ ರಾಶಿರಾಶಿಯಾಗಿ ಸತ್ತವು. ಡೈಕ್ಲೊಫೆನಾಕ್ ಕೊಟ್ಟ ದನದ ಮಾಂಸ ತಿಂದು ಅವುಗಳ ಕಿಡ್ನಿ ನಿಂತಿತು ಎಂದು ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಭಾರತ 2006ರಲ್ಲಿ ಅದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿತು. ಮನುಷ್ಯರ ದೊಡ್ಡ ಬಾಟಲಿ ದನಗಳಿಗೆ ಬಳಕೆಯಾಗದಿರಲಿ ಎಂದು 2015ರಲ್ಲಿ ಚುಚ್ಚುಮದ್ದಿನ ಬಾಟಲಿಯನ್ನು 3 ಮಿಲಿ ಲೀಟರಿಗೆ ಮಿತಿಗೊಳಿಸಿತು. ಹಕ್ಕಿಯ ದೇಹ ಮನುಷ್ಯನ ದೇಹದಂತೆ ಅಲ್ಲ, ಅದರ ಲೆಕ್ಕವನ್ನು ನಮಗೆ ನೇರವಾಗಿ ಹಚ್ಚಲಾಗದು. ಆದರೂ ಈ ಮದ್ದು ಯಾವ ಅಂಗವನ್ನು ಹುಡುಕಿ ಹೊಡೆಯುತ್ತದೆ ಎಂಬುದು ಗೊತ್ತಿರುವಾಗ, ದುಡಿಯುವ ಜನರ ಕೈಗೆ ಅದನ್ನು ಮಿಠಾಯಿಯಂತೆ ಕೊಡುವುದು ನನಗೆ ಸಂಕಟದ ಸಂಗತಿ.

ನೋವಿಗೆ ಪರ್ಯಾಯವಿಲ್ಲದೆ ‘ಗುಳಿಗಿ ಬ್ಯಾಡ’ ಎನ್ನುವುದು ಅನ್ಯಾಯ. ಪ್ಯಾರಾಸಿಟಮಾಲ್ ಅದೊಂದನ್ನೇ, ಮಿತಿಯೊಳಗೆ ತೆಗೆದುಕೊಂಡರೆ ಕಿಡ್ನಿಗೆ ಹೆಚ್ಚು ಸುರಕ್ಷಿತ. ಅಂಗಡಿಯಲ್ಲಿ ಸಿಗುವ ಎಷ್ಟೋ ಗುಳಿಗೆ ಪಟ್ಟಿಗಳಲ್ಲಿ ಅದು ಅಸೆಕ್ಲೊಫೆನಾಕ್ ಜೊತೆ ಬೆರೆತಿರುತ್ತದೆ, ಹಾಗಾಗಿ ಪಟ್ಟಿಯ ಹಿಂಬದಿ ಓದಬೇಕು. ಒಂದೇ ಕೀಲು ನೋಯುತ್ತಿದ್ದರೆ ಮೇಲೆ ಹಚ್ಚುವ ಮುಲಾಮು ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ಬಿಸಿಲು ಸ್ವತಃ ಕಿಡ್ನಿಯನ್ನು ಕೆಡಿಸಬಲ್ಲದೇ? ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳ ಕಬ್ಬು ಕಡಿಯುವ ಯುವಕರಲ್ಲಿ ಸಕ್ಕರೆ ಕಾಯಿಲೆಯೂ ಬಿಪಿಯೂ ಇಲ್ಲದೆ ಕಿಡ್ನಿ ನಿಂತ ಪ್ರಕರಣಗಳು ಈ ಪ್ರಶ್ನೆಯನ್ನು ಎತ್ತಿದವು. ಬಯಾಪ್ಸಿಗಳಲ್ಲಿ ಕಂಡ ಹಾನಿ ಮುಖ್ಯವಾಗಿ ನಾಳಿಕೆಗಳು ಮತ್ತು ಅವುಗಳ ನಡುವಿನ ಜಾಗದಲ್ಲಿತ್ತು. ಕಾಯಿಲೆ ಹೊಸದಾಗಿ ಕಾಣಿಸಿಕೊಂಡವರಲ್ಲಿ ಅಲ್ಲಿ ತೀವ್ರ ಉರಿಯೂತವೇ ಇತ್ತು. ನಮ್ಮ ದೇಶದಲ್ಲಿ ಆಂಧ್ರದ ಉದ್ದಾನಂ ಇದಕ್ಕೆ ಹೆಸರಾದ ಸೀಮೆ. ಭಾರತದ ಮೂರು ಸಮೀಕ್ಷೆಗಳ ಮಾಹಿತಿಯನ್ನು ಒಟ್ಟು ಮಾಡಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಇಂಥ ಕಾರಣ ತಿಳಿಯದ ಕಿಡ್ನಿ ಕುಸಿತ ಒಟ್ಟಾರೆ ಶೇ 1.6ರಷ್ಟಿತ್ತು, ದಕ್ಷಿಣ ಭಾರತದ ಹಳ್ಳಿಗಳಲ್ಲಿ ಮಾತ್ರ ಶೇ 4.8. ಬಿಸಿಲೊಂದೇ ಕಾರಣವೆಂದು ಹೇಳಲು ಇನ್ನೂ ಬರುವುದಿಲ್ಲ. ಕೀಟನಾಶಕ, ಲೋಹಗಳು, ನೀರಿನ ಗುಣ, ನೋವಿನ ಗುಳಿಗೆ ಎಲ್ಲವೂ ಶಂಕೆಯ ಪಟ್ಟಿಯಲ್ಲಿವೆ. ಆದರೆ ನೆರಳು, ವಿರಾಮ, ನೀರು ಇವನ್ನು ಕೊಡಲು ಅಂತಿಮ ಪುರಾವೆಗಾಗಿ ಕಾಯಬೇಕಾಗಿಲ್ಲ. ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಡುವ ಮುಕಾದಮರು, ಕಾರ್ಖಾನೆಯವರು ಈ ಮೂರನ್ನು ಕರಾರಿನ ಭಾಗವಾಗಿಯೇ ಒಪ್ಪಿಕೊಳ್ಳಬೇಕು ಎಂಬುದು ನನ್ನ ನಿಲುವು.

ವಿಜಯಪುರ ಜಿಲ್ಲೆಯ ಅಂತರ್ಜಲದಲ್ಲಿ ಅಲ್ಲಲ್ಲಿ ಫ್ಲೋರೈಡ್, ನೈಟ್ರೇಟ್, ಲವಣಾಂಶ ಮಿತಿ ಮೀರಿವೆ. ಫ್ಲೋರೈಡನ್ನು ಹೊರಹಾಕುವುದು ಕಿಡ್ನಿಯೇ ಆದ್ದರಿಂದ ಕಿಡ್ನಿ ಕುಂದಿದವರ ಮೈಯಲ್ಲಿ ಅದು ಹೆಚ್ಚು ಉಳಿಯುತ್ತದೆ. ಇಷ್ಟರಿಂದಲೇ ನೀರೇ ಕಿಡ್ನಿ ಕಾಯಿಲೆ ತಂದಿತೆನ್ನಲು ಆಗದು.

ಬಾಯಿ

ಹೊರಗಿನಿಂದ ಬರುವ ಉರಿಯೂತದ ಮೂಲಗಳಲ್ಲಿ ಎಲ್ಲರೂ ಕಡೆಗಣಿಸುವುದು ವಸಡು. ವಸಡಿನ ಕಾಯಿಲೆ ಬಲಿತವರ ಬಾಯಲ್ಲಿ ಹಲ್ಲುಗಳ ಸುತ್ತ ಕಣ್ಣಿಗೆ ಕಾಣದ ಗಾಯ ವರ್ಷಗಟ್ಟಲೆ ತೆರೆದಿರುತ್ತದೆ. ಅಲ್ಲಿಂದ ಬ್ಯಾಕ್ಟೀರಿಯಾ ಮತ್ತು ಅವುಗಳ ವಿಷಾಂಶ ರಕ್ತಕ್ಕೆ ಜಿನುಗುತ್ತವೆ. ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ಬರ್ಮಿಂಗ್‌ಹ್ಯಾಮಿನ ಶರ್ಮಾ ಮತ್ತು ಸಂಗಡಿಗರು ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಮಾಹಿತಿಯನ್ನು 2016ರಲ್ಲಿ ವಿಶ್ಲೇಷಿಸಿದಾಗ, ಕಿಡ್ನಿ ಕಾಯಿಲೆಯಿರುವವರಲ್ಲಿ ಹತ್ತು ವರ್ಷಗಳೊಳಗಿನ ಸಾವಿನ ಪ್ರಮಾಣ ಶೇ 32 ಇದ್ದದ್ದು, ವಸಡಿನ ಕಾಯಿಲೆಯೂ ಸೇರಿದಾಗ ಶೇ 41ಕ್ಕೆ ಏರಿತು. ಕಿಡ್ನಿ ಕಾಯಿಲೆಗೆ ಸಕ್ಕರೆ ಕಾಯಿಲೆ ಸೇರಿದಾಗಿನ ಏರಿಕೆಯೂ ಹೆಚ್ಚುಕಡಿಮೆ ಅಷ್ಟೇ. ಇದು ಜೊತೆಜೊತೆಗೆ ಕಂಡುಬಂದ ಸಂಬಂಧ. ವಸಡಿಗೆ ಚಿಕಿತ್ಸೆ ಮಾಡಿದರೆ ಕಿಡ್ನಿ ಉಳಿಯುತ್ತದೆ ಎಂದು ದೊಡ್ಡ ಪ್ರಯೋಗವೊಂದು ಸಾಬೀತು ಮಾಡಬೇಕಾಗಿದೆ. ಹಾಗೆಂದು ಸುಮ್ಮನಿರುವ ಕಾರಣವಿಲ್ಲ. ಗುಟ್ಕಾ, ಸುಣ್ಣ ತಿಕ್ಕಿದ ತಂಬಾಕು, ಹೆಂಗಸರು ಹಲ್ಲಿಗೆ ಹಚ್ಚುವ ಮಿಶ್ರಿ ಈ ಗಡಿಭಾಗದಲ್ಲಿ ಮನೆಮನೆಯ ಮಾತು. ಡಯಾಲಿಸಿಸ್ ಹಂತಕ್ಕೆ ಬಂದ ಎಷ್ಟೋ ಜನರ ಬಾಯನ್ನು ಒಮ್ಮೆಯೂ ಯಾರೂ ತೆರೆಸಿ ನೋಡಿರುವುದಿಲ್ಲ. ಸಕ್ಕರೆ ಕಾಯಿಲೆಯವರ ಪಾದದ ವಾಸಿಯಾಗದ ಹುಣ್ಣು, ಮೂತ್ರಕೋಶದಲ್ಲಿ ಮರುಕಳಿಸುವ ಸೋಂಕು, ಕಲ್ಲಿನ ಹಿಂದೆ ನಿಂತ ಕೀವು, ಹಳೆಯ ಕ್ಷಯ ಇವೂ ಇದೇ ಸಾಲಿನವು. ಸಿಆರ್‌ಪಿ ಹೆಚ್ಚಿದೆ ಎಂದು ಬರೆದು ಫೈಲು ಮುಚ್ಚುವ ಬದಲು, ಬಾಯಿಂದ ಪಾದದವರೆಗೆ ರೋಗಿಯನ್ನು ನೋಡಬೇಕು.

ತಪ್ಪಾಗಿ ಓದಲಾಗುವ ಎರಡು ಅಂಕಿಗಳು

ರಕ್ತದ ಆಲ್ಬುಮಿನ್ ಕಡಿಮೆ ಬಂದರೆ ‘ಚಲೋತ್ನಂಗ ಉಣ್ಣಾಂಗಿಲ್ಲ’ ಎಂದು ಮನೆಯವರು ರೋಗಿಯನ್ನು ಗದರುತ್ತಾರೆ. ಉರಿಯೂತವಿರುವಾಗ ಯಕೃತ್ತು ಆಲ್ಬುಮಿನ್ ತಯಾರಿಕೆಯನ್ನು ತಗ್ಗಿಸಿ ಸಿಆರ್‌ಪಿಯಂಥ ಪ್ರೋಟೀನುಗಳತ್ತ ತಿರುಗುತ್ತದೆ. ಸ್ನಾಯುಗಳೂ ಕರಗುತ್ತವೆ, ಹಸಿವೂ ಸಾಯುತ್ತದೆ. ಸ್ವೀಡನ್ನಿನ ಸ್ಟೆನ್‌ವಿಂಕೆಲ್ ಮತ್ತು ಸಂಗಡಿಗರು 1999ರಲ್ಲಿ, ಕಿಡ್ನಿ ವೈಫಲ್ಯದಲ್ಲಿ ಪೌಷ್ಟಿಕ ಕೊರತೆ, ಉರಿಯೂತ, ರಕ್ತನಾಳ ಗಡುಸಾಗುವುದು ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ ಎಂದು ತೋರಿಸಿದರು. ಕಿಡ್ನಿ ಕಾಯಿಲೆಯವರನ್ನು ಹೆಚ್ಚಾಗಿ ಕೊಲ್ಲುವುದು ಹೃದಯ ಎಂಬುದಕ್ಕೆ ಅಲ್ಲಿ ಒಂದು ವಿವರಣೆಯಿದೆ.

ಎರಡನೆಯದು ಕಬ್ಬಿಣಾಂಶ. ಉರಿಯೂತದಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಕರುಳಿನಿಂದ ಕಬ್ಬಿಣ ರಕ್ತಕ್ಕೆ ಬರುವುದನ್ನೂ, ದೇಹದ ಸಂಗ್ರಹದಿಂದ ಹೊರಬರುವುದನ್ನೂ ತಡೆಯುತ್ತದೆ. ಕುಂದಿದ ಕಿಡ್ನಿ ಹೆಪ್ಸಿಡಿನ್ನನ್ನು ಹೊರಹಾಕುವುದೂ ಕಡಿಮೆ. ಹೀಗಾಗಿ ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದರೂ ಹಿಮೋಗ್ಲೋಬಿನ್ ಏರುವುದಿಲ್ಲ. ಕಬ್ಬಿಣದ ಸಂಗ್ರಹ ತಿಳಿಯಲೆಂದು ಫೆರಿಟಿನ್ ಪರೀಕ್ಷೆ ಮಾಡಿಸಿದರೆ ಅದೂ ಉರಿಯೂತದಿಂದ ಹೆಚ್ಚಿರುವುದರಿಂದ, ಕಬ್ಬಿಣ ಸಾಕಷ್ಟಿದೆ ಎಂಬ ಭ್ರಮೆ ಹುಟ್ಟುತ್ತದೆ. ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಎಷ್ಟು ತುಂಬಿದೆ ಎಂಬುದನ್ನೂ ಜೊತೆಗೆ ನೋಡಿದರೆ ಮಾತ್ರ ಚಿತ್ರ ತಿಳಿಯುತ್ತದೆ. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮ ಸೀಮೆಯಲ್ಲಿ ನಿಜವಾದ ಕೊರತೆ ಮತ್ತು ಉರಿಯೂತದ ತಡೆ ಎರಡೂ ಒಬ್ಬರಲ್ಲೇ ಇರುವುದು ಸಾಮಾನ್ಯ.

ಜೋಳದ ರೊಟ್ಟಿಯ ಪರವಾಗಿ

ಕಿಡ್ನಿ ಕಾಯಿಲೆ ಎಂದೊಡನೆ ಜೋಳ ಬಿಡಿಸಿ ಅನ್ನ, ಬ್ರೆಡ್ಡು ತಿನ್ನಿಸುವ ಮನೆಗಳಿವೆ. ಇದನ್ನು ಮರುವಿಚಾರ ಮಾಡಬೇಕು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ನಾರು ಸಿಗದಿದ್ದಾಗ ಅವು ಪ್ರೋಟೀನನ್ನು ಕೊಳೆಸಿ ಇಂಡೋಲ್, ಕ್ರೆಸಾಲ್ ಹುಟ್ಟಿಸುತ್ತವೆ. ಇವುಗಳಿಂದ ಆಗುವ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಎಂಬ ವಿಷಗಳನ್ನು ಕುಂದಿದ ಕಿಡ್ನಿ ಹೊರಹಾಕಲಾರದು. ಡಯಾಲಿಸಿಸ್ ಕೂಡ ಪೂರ್ತಿ ತೆಗೆಯಲಾರದು. ಅವು ರಕ್ತನಾಳದ ಒಳಪದರಕ್ಕೂ ನಾಳಿಕೆಗೂ ಉರಿಯೂತ ತರುತ್ತವೆ. ಅಮೆರಿಕದ ಸಮೀಕ್ಷೆಯ ಮಾಹಿತಿ ಆಧರಿಸಿದ 2012ರ ಅಧ್ಯಯನವೊಂದರಲ್ಲಿ, ದಿನಕ್ಕೆ 10 ಗ್ರಾಂ ನಾರು ಹೆಚ್ಚಾದಂತೆ ಸಿಆರ್‌ಪಿ ಏರಿರುವ ಸಾಧ್ಯತೆ ಕಿಡ್ನಿ ಕಾಯಿಲೆ ಇಲ್ಲದವರಲ್ಲಿ ಶೇ 11, ಇರುವವರಲ್ಲಿ ಶೇ 38ರಷ್ಟು ಕಡಿಮೆಯಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಪೊಟ್ಯಾಸಿಯಂ, ರಂಜಕ ಏರಿದವರಿಗೆ ಪ್ರಮಾಣವನ್ನು ವೈದ್ಯರು ಹೇಳಬೇಕು. ಉಳಿದವರು ಮಾಲ್ದಂಡಿ ಜೋಳದ ರೊಟ್ಟಿಯನ್ನು ಬಿಡಲು ಕಾರಣ ಕಾಣುವುದಿಲ್ಲ. ಕಡಿಮೆ ಮಾಡಬೇಕಾದದ್ದು ರೊಟ್ಟಿಯ ಮಗ್ಗುಲಿಗೆ ಬರುವ ಉಪ್ಪು: ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ನಿಂಬೆ ಶರಬತ್ತಿಗೆ ಹಾಕುವ ಚಿಟಿಕೆ. ಉಪ್ಪು ತಗ್ಗಿದರೆ ಟೆಲ್ಮಿಸಾರ್ಟನ್ ಜಾತಿಯ ಗುಳಿಗೆಯೂ ಸೋರಿಕೆಯನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ.

ಅಳೆಯುವುದು ಹೇಗೆ, ಎಲ್ಲಿ

ಕರ್ನಾಟಕದ ಹಳ್ಳಿಗಳಲ್ಲಿ ಈ ಕಾಯಿಲೆಯನ್ನು ಎಣಿಸಿದ ಒಳ್ಳೆಯ ಕೆಲಸ ಶಿವಮೊಗ್ಗ ಜಿಲ್ಲೆಯಿಂದ ಬಂದದ್ದು. ವೈ.ಜೆ. ಅನುಪಮಾ ಮತ್ತು ಜಿ. ಉಮಾ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರಿಯಾಟಿನಿನ್‌ನಿಂದ ಸೋಸುವ ಶಕ್ತಿಯನ್ನು ಲೆಕ್ಕ ಹಾಕುವ ಒಂದು ಸೂತ್ರದ ಪ್ರಕಾರ ಶೇ 6.3 ಮಂದಿಗೆ ಕಾಯಿಲೆಯಿತ್ತು. ಅದೇ ಜನರಿಗೆ ಇನ್ನೊಂದು ಸೂತ್ರ ಹಚ್ಚಿದಾಗ ಅದು ಶೇ 16 ದಾಟಿತು. ಈ ಅಂತರ ನಮ್ಮ ಸೀಮೆಗೂ ಎಚ್ಚರಿಕೆ. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಸೊರಗಿದ ಕೂಲಿಕಾರರಲ್ಲಿ ಸ್ನಾಯು ಕಡಿಮೆ, ಕ್ರಿಯಾಟಿನಿನ್ನೂ ಕಡಿಮೆ. ಕಿಡ್ನಿ ಕುಂದಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಪರ್ಯಾಯವೆಂದು ಹೇಳುವ ಸಿಸ್ಟಾಟಿನ್-ಸಿ ತಂಬಾಕು ಮತ್ತು ಉರಿಯೂತದಿಂದ ಏರುಪೇರಾಗುತ್ತದೆ.

ಹಾಗಾಗಿ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೇ ನಾನು ಮುಂದಿಡುತ್ತೇನೆ. ಗರ್ಭಿಣಿಯರ ತಪಾಸಣೆಗೆಂದು ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ ಉಪಕೇಂದ್ರಗಳಲ್ಲಿ ಬಳಕೆಯಲ್ಲಿದೆ. 30 ದಾಟಿದವರ ಬಿಪಿ, ಶುಗರ್ ನೋಡುವ ಕೆಲಸವೂ ಅಲ್ಲೇ ನಡೆಯುತ್ತದೆ. 2023ರಲ್ಲಿ ವಿಸ್ತರಿಸಿದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮ ಕಿಡ್ನಿ ಕಾಯಿಲೆಯನ್ನೂ ಒಳಗೊಂಡಿದೆ. ಶುಗರ್ ಅಥವಾ ಬಿಪಿ ಇರುವ ಪ್ರತಿಯೊಬ್ಬರ ಮೂತ್ರಕ್ಕೂ ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ಅದ್ದಿದರೆ, ಬಣ್ಣ ತಿರುಗಿದವರನ್ನು ಮಾತ್ರ ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬಹುದು. ಅಲ್ಪ ಸೋರಿಕೆಯನ್ನು ಪಟ್ಟಿ ಹಿಡಿಯಲಾರದು. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ನೇರವಾಗಿ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನೇ ಮಾಡಿಸುವುದು ಲೇಸು.

ಚಡಚಣಕ್ಕೆ ಇನ್ನೊಂದು ತೊಡಕಿದೆ. ಜಿಲ್ಲಾ ಕೇಂದ್ರ ವಿಜಯಪುರಕ್ಕಿಂತ ಗಡಿಯಾಚೆಯ ಸೊಲ್ಲಾಪುರ ಹತ್ತಿರ. ಒಂದು ಪರೀಕ್ಷೆ ಅಲ್ಲಿ, ಇನ್ನೊಂದು ಇಲ್ಲಿ, ಚೀಟಿಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗುತ್ತವೆ. ಮೂರು ತಿಂಗಳ ಅಂತರದ ಎರಡು ಅಂಕಿಗಳನ್ನು ಹೋಲಿಸಿಯೇ ಗುರುತಿಸಬೇಕಾದ ಕಾಯಿಲೆಯಲ್ಲಿ ಹಳೆಯ ಚೀಟಿ ಕಳೆದುಹೋದರೆ ರೋಗನಿದಾನವೂ ಮತ್ತೆ ಮೊದಲಿಂದ. ಎಲ್ಲ ಚೀಟಿಗಳನ್ನು, ನುಂಗುವ ನೋವಿನ ಗುಳಿಗೆಯ ಖಾಲಿ ಪಟ್ಟಿಯನ್ನೂ ಸೇರಿಸಿ, ಒಂದೇ ಚೀಲದಲ್ಲಿಟ್ಟು ಎರಡೂ ಕಡೆಯ ವೈದ್ಯರಿಗೆ ತೋರಿಸುವುದು ಮನೆಯವರು ಮಾಡಬಹುದಾದ ದೊಡ್ಡ ಕೆಲಸ.

ಡಯಾಲಿಸಿಸ್ ಶುರುವಾದವರಲ್ಲಿ ಉರಿಯೂತದ ಹೊಸ ಮೂಲಗಳು ಎರಡು. ಕುತ್ತಿಗೆಗೆ ಹಾಕಿದ ತೂರುನಳಿಕೆ ಮೊದಲನೆಯದು. ತೋಳಿನಲ್ಲಿ ರಕ್ತನಾಳ ಜೋಡಿಸಿ ಮಾಡುವ ಫಿಸ್ಟುಲಾಗೆ ಹೋಲಿಸಿದರೆ ಅದರಲ್ಲಿ ಸೋಂಕೂ ಸಿಆರ್‌ಪಿಯೂ ಹೆಚ್ಚು. ಫಿಸ್ಟುಲಾ ಬಲಿಯಲು ವಾರಗಳು ಬೇಕಾದ್ದರಿಂದ ಅದನ್ನು ಡಯಾಲಿಸಿಸ್‌ಗೆ ತಿಂಗಳುಗಳ ಮೊದಲೇ ಮಾಡಿಸಿಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳಬಹುದಾದವರ ತೋಳಿನ ರಕ್ತನಾಳಗಳಿಗೆ ಸುಮ್ಮಸುಮ್ಮನೆ ಸಲೈನ್ ಚುಚ್ಚಬಾರದು. ಚುಚ್ಚಲೇಬೇಕಾದರೆ ಅಂಗೈಯ ಹಿಂಬದಿ ಸಾಕು. ಎರಡನೆಯದು ನೀರು. ನಾಲ್ಕು ಗಂಟೆಯ ಒಂದು ಸುತ್ತಿಗೆ ಸುಮಾರು 120 ಲೀಟರ್ ನೀರು ರೋಗಿಯ ರಕ್ತದ ಮಗ್ಗುಲಲ್ಲೇ ತೆಳುಪರದೆಯಾಚೆ ಹರಿಯುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದರಲ್ಲಿ ಒಂದು ಮಿಲಿ ಲೀಟರಿಗೆ ಬ್ಯಾಕ್ಟೀರಿಯಾ 100 ಘಟಕಕ್ಕಿಂತ, ಅವುಗಳ ವಿಷಾಂಶವಾದ ಎಂಡೋಟಾಕ್ಸಿನ್ 0.25 ಘಟಕಕ್ಕಿಂತ ಕಡಿಮೆಯಿರಬೇಕು. ಲವಣ ತುಂಬಿದ ಕೊಳವೆಬಾವಿ ನೀರನ್ನು ಸೋಸಬೇಕಾದ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಆರ್‌ಒ ಪರದೆ ಬೇಗ ಸವೆಯುತ್ತದೆ. ನೀರಿನ ಪರೀಕ್ಷೆಯ ತಿಂಗಳ ವರದಿಯನ್ನು ಡಯಾಲಿಸಿಸ್ ಕೋಣೆಯ ಗೋಡೆಗೆ, ರೋಗಿಗಳ ಕಣ್ಣಿಗೆ ಬೀಳುವಂತೆ, ಕನ್ನಡದಲ್ಲಿ ಅಂಟಿಸಬೇಕು.